ಲೆಕ್ಕದ ಹಾಳೆಯಲ್ಲಿ ಅಡುಗೆಮನೆ ಎಲ್ಲಿದೆ?

ಮೊನ್ನೆ ಭಾನುವಾರ ಇವರ ಕಾಲೇಜಿನ ಗೆಳೆಯರು ಸಂಸಾರ ಸಮೇತ ನಮ್ಮ ಗುಡ್ಡಕ್ಕೆ ಬಂದಿದ್ದರು. ಗೋಡೆ ಎದ್ದು ಮಾಡಿಗೆ ಕಾಯುತ್ತಿರುವ ಮನೆಯನ್ನು, ಎರಡು ಮಳೆಗಾಲದಿಂದ ನಾವು ಐದು ಜನ ಬದುಕುತ್ತಿರುವ ತಗಡಿನ ಶೆಡ್ಡನ್ನು, ಅಬ್ಬಿಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ನೀರನ್ನು ನೋಡಿ ಮನಸಾರೆ ಸಂತೋಷಪಟ್ಟರು. ಸೋಲಾರ್ ಪ್ಯಾನೆಲ್ ಎಷ್ಟು ಕಿಲೋವ್ಯಾಟಿನದು, ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ, ದಿನಕ್ಕೆ ಎಷ್ಟು ಯೂನಿಟ್ ಸಿಗುತ್ತದೆ ಎಂದು ಇವರನ್ನು ಒಂದೂವರೆ ಗಂಟೆ ಕೇಳಿದರು. ಆ ಒಂದೂವರೆ ಗಂಟೆಯೂ ನಾನು ಒರಳಿನ ಮುಂದೆ ಕೂತು ಹನ್ನೆರಡು ಜನರ ಪತ್ರೊಡೆಗೆ ಅಕ್ಕಿ ರುಬ್ಬುತ್ತಿದ್ದೆ. ಮೋಡ ಕವಿದಿದ್ದರಿಂದ ಮಿಕ್ಸಿ ಹಾಕುವಂತಿರಲಿಲ್ಲ. ಊಟ ಮುಗಿಸಿ ಕೈ ತೊಳೆಯುತ್ತ ಒಬ್ಬರು, “ಅತ್ತಿಗೆ, ಯಾರ ಹಂಗೂ ಇಲ್ಲದ ಬದುಕು ನಿಮ್ಮದು” ಎಂದರು. ನಾನು ನಕ್ಕು ಸುಮ್ಮನಾದೆ. ಹಾಗೆ ಸುಮ್ಮನಾದದ್ದು ಮೂರು ದಿನದಿಂದ ಕೊರೆಯುತ್ತಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರು ಬಿಟ್ಟು ಹೊಸನಗರದ ಈ ಗುಡ್ಡಕ್ಕೆ ನಾವು ಏಕೆ ಬಂದೆವು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಬಂದದ್ದು ಇಬ್ಬರ ತೀರ್ಮಾನ. ವಿದ್ಯುತ್ ಕಂಬ ನಮ್ಮಿಂದ ಒಂದೂವರೆ ಕಿಲೋಮೀಟರ್ ಕೆಳಗೇ ನಿಂತಿದೆ. ಅದನ್ನು ಮೇಲೆ ತರಿಸುವುದು ಬೇಡ ಎಂದು ಹೇಳಿದ್ದು ಕೂಡ ಇಬ್ಬರೂ. ನನ್ನ ತಕರಾರು ಆ ತೀರ್ಮಾನದ ಮೇಲಲ್ಲ, ತೀರ್ಮಾನವಾದ ಮೇಲೆ ಬರೆದ ಹಾಳೆಯ ಮೇಲೆ.

ಆ ಹಾಳೆ ಈಗಲೂ ಶೆಡ್ಡಿನ ತಗಡಿಗೆ ಅಂಟಿಕೊಂಡಿದೆ. ಒಂದು ಕಿಲೋವ್ಯಾಟ್ ಪ್ಯಾನೆಲ್, ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಯೂನಿಟ್. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿ ಎರಡು. ಅವುಗಳಲ್ಲಿ ಹಿಡಿಯುವುದು 3.6 ಯೂನಿಟ್, ಆಯಸ್ಸು ಕೆಡದಂತೆ ತೆಗೆಯಬಹುದಾದದ್ದು ಅದರಲ್ಲಿ ಅರ್ಧ. ಇಷ್ಟರಲ್ಲಿ ಏನೇನು ನಡೆಯಬೇಕೆಂದು ಇವರು ಪಟ್ಟಿ ಮಾಡಿದರು. ಒಂಬತ್ತು ವ್ಯಾಟಿನ ಬಲ್ಬು ಎಂಟು, ಲ್ಯಾಪ್‌ಟಾಪ್ 60 ವ್ಯಾಟ್, ಇಂಟರ್ನೆಟ್ಟಿನ ಪೆಟ್ಟಿಗೆ, ಫೋನುಗಳು. ಕಡೆಯಲ್ಲಿ ಎರಡು ಸಾಲು: ಮಿಕ್ಸಿ 750 ವ್ಯಾಟ್, ಬಿಸಿಲಿದ್ದಾಗ ಮಾತ್ರ. ವಾಷಿಂಗ್ ಮಷೀನ್, ಸದ್ಯಕ್ಕೆ ಬೇಡ.

750 ಎಂಬ ಅಂಕಿ ನೋಡಿ ನಾನೂ ಹೆದರಿ ಒಪ್ಪಿಕೊಂಡಿದ್ದೆ. ಆಮೇಲೆ ಮಗಳ ವಿಜ್ಞಾನದ ಪುಸ್ತಕ ಹಿಡಿದು ಲೆಕ್ಕ ಹಾಕಿದಾಗ ಕಣ್ಣು ತೆರೆಯಿತು. ಚಟ್ನಿಗೂ ಸಾರಿಗೂ ಸೇರಿ ಮಿಕ್ಸಿ ದಿನಕ್ಕೆ ಓಡುವುದು ಹತ್ತು ನಿಮಿಷ. ಅದಕ್ಕೆ ಬೇಕಾದದ್ದು ಯೂನಿಟ್ಟಿನ ಎಂಟನೆಯ ಒಂದು ಪಾಲು. ಎಂಟು ಗಂಟೆ ಓಡುವ ಲ್ಯಾಪ್‌ಟಾಪ್ ಅದರ ನಾಲ್ಕು ಪಟ್ಟು ತಿನ್ನುತ್ತದೆ. ಬಿಸಿಲಿಲ್ಲದಾಗ ಮಿಕ್ಸಿ ಹಾಕಿದ ಕೂಡಲೇ ಸಣ್ಣ ಇನ್ವರ್ಟರ್ ಕೂಗಿಕೊಂಡು ಟ್ರಿಪ್ ಆಗುತ್ತದೆ ಎಂಬುದು ನಿಜ. ಆದರೆ ಆ ಸಣ್ಣ ಇನ್ವರ್ಟರ್ ಸಾಕು ಎಂದು ಆರಿಸಿದ್ದೇ ಅಡುಗೆಮನೆಯನ್ನು ಕಡೆಯ ಸಾಲಿಗೆ ತಳ್ಳಿದ ಆ ಪಟ್ಟಿಯನ್ನು ನೋಡಿಕೊಂಡು. ವಾಷಿಂಗ್ ಮಷೀನಿನದೂ ಇದೇ ಕಥೆ. ನೀರು ಕಾಯಿಸದೆ ಒಗೆದರೆ ಒಂದು ಸಲದ ಬಟ್ಟೆಗೆ ಕಾಲು ಯೂನಿಟ್ ಸಹ ಬೇಡ.

ಮಳೆಗಾಲದಲ್ಲಿ ಈ ಹಾಳೆಯ ಬೆಲೆ ಪೂರ್ತಿ ತಿಳಿಯುತ್ತದೆ. ಆಷಾಢದಲ್ಲಿ ವಾರಗಟ್ಟಲೆ ಸೂರ್ಯ ಕಾಣದ ಸೀಮೆ ಇದು, ಪ್ಯಾನೆಲ್ ದಿನಕ್ಕೆ ಒಂದು ಯೂನಿಟ್ ಕೊಟ್ಟರೆ ಹೆಚ್ಚು. ಬಲ್ಬು ಉರಿಯುತ್ತದೆ, ಲ್ಯಾಪ್‌ಟಾಪ್ ಹೇಗೋ ನಡೆಯುತ್ತದೆ. ಐದು ಜನರ ಕೆಸರು ಬಟ್ಟೆಯನ್ನು ಕಲ್ಲಿನ ಮೇಲೆ ಕುಕ್ಕಿ ಒಗೆಯುವುದು, ಒಗೆದದ್ದನ್ನು ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹೊಗೆಯಲ್ಲಿ ಒಣಗಿಸುವುದು, ಹಸಿ ಸೌದೆಯನ್ನು ಊದಿ ಊದಿ ಉರಿಸುವುದು, ಗೋಬರ್ ಗ್ಯಾಸಿಗೆ ಪ್ರತಿ ದಿನ 25 ಕಿಲೋ ಸಗಣಿಯನ್ನು ಅಷ್ಟೇ ನೀರಿನಲ್ಲಿ ಕದಡಿ ಸುರಿಯುವುದು, ಅಬ್ಬಿಯ ಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡಾಗ ಉಂಬಳ ಹತ್ತಿಸಿಕೊಂಡು ಗುಡ್ಡ ಏರಿ ಬಿಡಿಸಿ ಬರುವುದು, ಇವು ಯಾವ ಹಾಳೆಯಲ್ಲೂ ಇಲ್ಲ. ಗಾರೆ ಕೆಲಸ ನಡೆಯುವ ದಿನಗಳಲ್ಲಿ ಮೇಸ್ತ್ರಿ ಮತ್ತು ನಾಲ್ವರು ಆಳುಗಳ ಚಹಾ, ಊಟ ಬೇರೆ. ಸಗಣಿಯ ಕೆಲಸಕ್ಕೆ ಅತ್ತೆ ಕೈ ಹಾಕಲು ಬರುತ್ತಾರೆ. ಅವರ ಮಂಡಿ ನೋಡಿ ನಾನೇ ಬೇಡ ಎನ್ನುತ್ತೇನೆ.

ಇವರು ದುಡಿಯುವುದಿಲ್ಲ ಎಂದು ಯಾರೂ ತಿಳಿಯಬಾರದು. ಮಣ್ಣಿನ ಇಟ್ಟಿಗೆ ಒತ್ತಿದ ಇವರ ಅಂಗೈಯನ್ನು ನಾನು ನೋಡಿದ್ದೇನೆ. ಆದರೆ ಇಟ್ಟಿಗೆಗೆ ಲೆಕ್ಕವಿದೆ, ಇಂದು ಎಷ್ಟು ಒತ್ತಿದೆವು ಎಂದು ರಾತ್ರಿ ಪುಸ್ತಕದಲ್ಲಿ ಬರೆಯುತ್ತೇವೆ. ಒಗೆದ ಬಟ್ಟೆಯನ್ನು ಯಾರೂ ಬರೆಯುವುದಿಲ್ಲ.

ಮನುಷ್ಯನ ದೇಹ ದಿನವಿಡೀ ಬಿಡದೆ ಮಾಡಬಲ್ಲ ಕೆಲಸ ಸುಮಾರು 75 ವ್ಯಾಟ್. ಎಂಟು ಗಂಟೆ ದುಡಿದರೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು. ನನ್ನ ಇಡೀ ದಿನದ ಶಕ್ತಿ ಇಷ್ಟೇ ಎಂದು ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಳೆಯಲ್ಲಿ ಉಳಿಸಿದ ಪ್ರತಿಯೊಂದು ಕಾಲು ಯೂನಿಟ್ಟನ್ನೂ ನನ್ನ ಬೆನ್ನು, ನನ್ನ ರಟ್ಟೆ ತುಂಬಿಕೊಟ್ಟಿವೆ. ಹಂಗಿಲ್ಲದ ಬದುಕು ಎಂದವರಿಗೆ ನಾನು ಹೇಳಬೇಕಾಗಿದ್ದದ್ದು ಇದನ್ನೇ.

ಇದನ್ನು ಲೆಕ್ಕ ಹಾಕಬಹುದು ಎಂದು ನಮ್ಮ ನಾಡಿನಲ್ಲೇ ತೋರಿಸಿಕೊಟ್ಟವರಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ, ವಿಜ್ಞಾನ ತಂತ್ರಜ್ಞಾನವನ್ನು ಹಳ್ಳಿಗಳ ಕೆಲಸಕ್ಕೆ ತರುವ ‘ಅಸ್ತ್ರ’ ಕೇಂದ್ರವನ್ನು ಕಟ್ಟಿದ ಅಮೂಲ್ಯ ರೆಡ್ಡಿಯವರೂ ಅವರ ಸಂಗಡಿಗರೂ ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಶಕ್ತಿಯ ಬಳಕೆಯನ್ನು ಅಳೆಯಲು ಹೊರಟಾಗ, ಸೀಮೆಎಣ್ಣೆ ಮತ್ತು ವಿದ್ಯುತ್ತಿನ ಜೊತೆಗೆ ಹೆಂಗಸರು ಸೌದೆ ತರುವ, ನೀರು ಹೊರುವ, ಅಡುಗೆ ಮಾಡುವ ಗಂಟೆಗಳನ್ನೂ ಬರೆದುಕೊಂಡರು. ಹೊಗೆ ಕಡಿಮೆ ಮಾಡಿ ಸೌದೆ ಉಳಿಸುವ ಅಸ್ತ್ರ ಒಲೆ ಅದೇ ಕೇಂದ್ರದ್ದು. ಅಷ್ಟು ದೊಡ್ಡ ವಿಜ್ಞಾನಿಗಳು ಹಳ್ಳಿಯ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆಯನ್ನು ನನ್ನ ಮನೆಯೊಳಗೇ ಯಾರೂ ಕೇಳಲಿಲ್ಲ.

“ನಮ್ಮ ಅಜ್ಜಿಯರು ಕರೆಂಟೇ ಇಲ್ಲದೆ ಇದನ್ನೆಲ್ಲ ಮಾಡುತ್ತಿರಲಿಲ್ಲವೇ” ಎಂದು ಕೇಳುವವರು ಖಂಡಿತ ಇದ್ದೀರಿ. ಮಾಡುತ್ತಿದ್ದರು. ನನ್ನ ಅಜ್ಜಿಯ ಮನೆಯಲ್ಲಿ ನಾಲ್ವರು ಸೊಸೆಯಂದಿರಿದ್ದರು, ಬತ್ತ ಕುಟ್ಟಲು ಕೇರಿಯ ಹೆಂಗಸರು ಬರುತ್ತಿದ್ದರು. ಅಷ್ಟು ಕೈಗಳಿದ್ದೂ ಅಜ್ಜಿ ಐವತ್ತಕ್ಕೇ ಬಾಗಿ ನಡೆಯುತ್ತಿದ್ದಳು. ಮನೆಗೆ ಕರೆಂಟು ಬಂದು ಮೊದಲ ಮಿಕ್ಸಿ ತಂದ ದಿನ ನನ್ನ ಅಮ್ಮ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಕೈಮುಗಿದಿದ್ದಳು. ಬಲ್ಬು ಬಂದಾಗ ಯಾರೂ ಕೈಮುಗಿದಿರಲಿಲ್ಲ. ಅಜ್ಜಿಯ ಹೆಸರು ಹೇಳಿ ನನ್ನನ್ನು ಒರಳಿನ ಮುಂದೆ ಕೂರಿಸುವ ಮೊದಲು ಅದನ್ನು ನೆನೆಯಿರಿ.

ಒಂದು ಮಾತನ್ನು ಇವರಿಗೂ ಹೇಳಿರಲಿಲ್ಲ. ಕಳೆದ ಶ್ರಾವಣದಲ್ಲಿ ಶಿವಮೊಗ್ಗದ ತವರಿಗೆ ನಾಲ್ಕು ದಿನ ಹೋಗಿದ್ದೆನಲ್ಲ, ಆಗ ಎಲ್ಲರೂ ಮಲಗಿದ ಮೇಲೆ ಅಮ್ಮನ ವಾಷಿಂಗ್ ಮಷೀನಿನ ಪಕ್ಕ ಕೂತು ಅದು ತಿರುಗುವುದನ್ನು ನೋಡುತ್ತಾ ಅತ್ತಿದ್ದೆ. ಅತ್ತು ಮುಗಿದ ಮೇಲೆ ನನಗೆ ಬೇಕಾಗಿದ್ದದ್ದು ಈ ಗುಡ್ಡವೇ. ಬೆಳಗಿನ ಮಂಜು, ಮಗ ಹಳ್ಳದಲ್ಲಿ ಏಡಿ ಹುಡುಕುವುದು, ಅತ್ತೆ ಜಗಲಿಯ ಕಟ್ಟೆ ಎಲ್ಲಿ ಬರಬೇಕೆಂದು ದಿನಕ್ಕೊಂದು ಜಾಗ ತೋರಿಸುವುದು, ಇದನ್ನೆಲ್ಲ ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ. ಮನಸ್ಸಿಲ್ಲದಿರುವುದರಿಂದಲೇ ಇಷ್ಟು ಸಿಟ್ಟು.

ಈಗ ಕೈಯಲ್ಲಿರುವ ದುಡ್ಡಿಗೆ ಹೊಸ ಲಿಥಿಯಂ ಬ್ಯಾಟರಿ ತರುವುದೆಂದು ಇವರು ಯೋಚಿಸಿದ್ದರು. ಭಾನುವಾರ ರಾತ್ರಿ ನಾನು ಬೇರೆ ಹಾಳೆ ಬರೆದೆ. ನಮ್ಮ ಜಾಗದ ಹಳ್ಳ 18 ಮೀಟರ್ ಇಳಿಯುತ್ತದೆ, ಮಳೆಗಾಲದಲ್ಲಿ ಸೆಕೆಂಡಿಗೆ ನಾಲ್ಕು ಲೀಟರ್ ಧಾರಾಳವಾಗಿ ತಿರುಗಿಸಿಕೊಳ್ಳಬಹುದು. ಅಷ್ಟು ನೀರಿನ ಬಲ 700 ವ್ಯಾಟ್. ಪೈಪಿನಲ್ಲಿ, ಯಂತ್ರದಲ್ಲಿ ಅರ್ಧ ಕಳೆದರೂ 350 ವ್ಯಾಟ್ ಹಗಲು ರಾತ್ರಿ ಬರುತ್ತದೆ, ದಿನಕ್ಕೆ ಎಂಟು ಯೂನಿಟ್. ಬಿಸಿಲು ಕೈಕೊಡುವ ತಿಂಗಳುಗಳಲ್ಲೇ ಹಳ್ಳ ತುಂಬಿ ಹರಿಯುತ್ತದೆ. ಮೊದಲ ದಿನವೇ ಅಡುಗೆಮನೆಯನ್ನು ಕೇಳಿದ್ದರೆ ಈ ಗುಡ್ಡದಲ್ಲಿ ಬ್ಯಾಟರಿಗಿಂತ ಮುಂಚೆ ಸಣ್ಣ ಟರ್ಬೈನ್ ಬರುತ್ತಿತ್ತು. ಇವರು ಹಾಳೆಯನ್ನು ಎರಡು ಸಲ ಓದಿದರು, ಬಹಳ ಹೊತ್ತು ಮಾತಾಡಲಿಲ್ಲ, ಆಮೇಲೆ ಪೈಪಿನ ಅಳತೆಯನ್ನು ತಿದ್ದಿ ಕೊಟ್ಟರು.

ಗುರುವಾರ ಟರ್ಬೈನ್ ಕೂರಿಸುವವರು ಜಾಗ ಅಳೆಯಲು ಬರುತ್ತಾರೆ. ಅವರ ಜೊತೆ ಹಳ್ಳ ಇಳಿಯುವವರು ನಾನು ಮತ್ತು ಮಗಳು. ಟರ್ಬೈನಿನ ಪೈಪಿನ ಬಾಯಿಯ ಜಾಲರಿಗೆ ಕಟ್ಟುವ ಎಲೆಯನ್ನು ಯಾವ ವಾರ ಯಾರು ತೆಗೆಯಬೇಕು ಎಂಬುದನ್ನು ಹಾಳೆಯ ಕೆಳಗೆ ಹೆಸರು ಹಾಕಿ ಬರೆದಿದ್ದೇನೆ, ಮೊದಲ ವಾರ ಇವರದು.