ಫ್ಯೂರಿ ರೋಡ್ ಕಾಮಿಕ್‌ನಿಂದ ಬಂದ ಸಿನಿಮಾ ಅಲ್ಲ

ಕಾಸರಗೋಡು, ಕುಂಬಳೆ ಕಡೆಯ ನಮ್ಮ ಸಿನಿಮಾ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ: 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' ಕಾಮಿಕ್ ಪುಸ್ತಕ ನೋಡಿ ತೆಗೆದದ್ದಂತೆ. ಅಲ್ಲ ಮಾರಾಯ್ರೇ, ಉಲ್ಟಾ. ಸಿನಿಮಾ ಬಂದದ್ದು 2015ರ ಮೇ ತಿಂಗಳಲ್ಲಿ. ಅದರ ಪಾತ್ರಗಳಾದ ಫ್ಯೂರಿಯೋಸಾ, ನಕ್ಸ್, ಇಮ್ಮಾರ್ಟನ್ ಜೋ ಇವರ ಹಿಂದಿನ ಕಥೆ ಹೇಳುವ, ವರ್ಟಿಗೊ ಪ್ರಕಾಶನದ ಕಾಮಿಕ್‌ಗಳು ಅದರ ಬೆನ್ನಿಗೇ ಬಂದವು.

ಗೊಂದಲ ಆಗುವುದು ಸಹಜ. ನಿರ್ದೇಶಕ ಜಾರ್ಜ್ ಮಿಲ್ಲರ್ ಈ ಸಿನಿಮಾಕ್ಕೆ ಸುಮಾರು 3,500 ಚಿತ್ರಗಳ ಸ್ಟೋರಿಬೋರ್ಡ್ (ದೃಶ್ಯಗಳನ್ನು ಮೊದಲೇ ಚಿತ್ರವಾಗಿ ಬಿಡಿಸಿಟ್ಟದ್ದು) ಮಾಡಿಸಿದ್ದರು, ಅದರಲ್ಲಿ ಕೆಲಸ ಮಾಡಿದ ಬ್ರೆಂಡನ್ ಮೆಕಾರ್ಥಿ ಕಾಮಿಕ್ ಕಲಾವಿದರೇ, ಚಿತ್ರಕಥೆಯಲ್ಲೂ ಅವರ ಹೆಸರಿದೆ. ಆದರೆ ಅದು ಶೂಟಿಂಗ್‌ಗೆ ಅಂತ ಬಿಡಿಸಿದ್ದು, ಅಂಗಡಿಯಲ್ಲಿ ಮಾರಿದ ಪುಸ್ತಕ ಅಲ್ಲ. ಕಾಮಿಕ್ ಓದದಿದ್ದರೆ ಸಿನಿಮಾ ಅರ್ಥವಾಗುವುದಿಲ್ಲ ಅನ್ನುವುದೂ ಸುಮ್ನೆ ಮಾತು.