ಬೆಂಕಿಯುಂಡೆ ಬೇಡ ಅಂದಿದ್ದು ಯಾಕೆ

ಹವ್ಯಾಸಕ್ಕೆ ಬಾಣಬಿರುಸು ಹಾರಿಸುವ ನಮ್ಮ ಹುಡುಗರ ಮಧ್ಯೆ ಮೊನ್ನೆ ಒಂದು ಮಾತು ಬಂತು. ಈ ಸಲದ ಬಾಣಬಿರುಸಿನ ಕೊನೆಗೆ ಇಂಧನ ಮೇಲಕ್ಕೆ ಎಸೆದು ಒಂದು ದೊಡ್ಡ ಬೆಂಕಿಯುಂಡೆ ಎಬ್ಬಿಸೋಣ, ಸಿನಿಮಾದಲ್ಲಿ ಬರುತ್ತಲ್ಲ, ಹಾಗೆ. ನಾನು ಬೇಡ ಅಂದೆ. "ಹೋದ ಸಲ ಮಾಡಿದಾಗ ಏನೂ ಆಗಲಿಲ್ಲವಲ್ಲ, ಈಗ ಯಾಕಣ್ಣ ಹೆದರ್ತೀರ?" ಅಂತ ಒಬ್ಬ ಕೇಳಿದ.

ಆ ಹೋದ ಸಲದ ಬಗ್ಗೆಯೇ ಹೇಳಬೇಕು. ಉಂಡೆ ಚೆನ್ನಾಗಿಯೇ ಎದ್ದಿತು. ಜನ ಚಪ್ಪಾಳೆ ತಟ್ಟಿದರು. ಯಾರಿಗೂ ಗಾಯ ಆಗಲಿಲ್ಲ. ಮರುದಿನ ಬೆಳಿಗ್ಗೆ ಕಸ ಎತ್ತೋಕೆ ಮೈದಾನಕ್ಕೆ ಹೋದಾಗ ಹುಲ್ಲಿನ ಮೇಲೆ ಕಪ್ಪು ಚುಕ್ಕೆಗಳು ಕಂಡವು. ಒಂದೊಂದೂ ಅಂಗಿ ಗುಂಡಿಯಷ್ಟು ಅಗಲ. ಬೆರಳಲ್ಲಿ ಉಜ್ಜಿದರೆ ಹುಲ್ಲು ಪುಡಿಪುಡಿಯಾಗುತ್ತಿತ್ತು. ಚುಕ್ಕೆಗಳು ಎಲ್ಲ ಕಡೆ ಸಮನಾಗಿ ಇರಲಿಲ್ಲ, ಗಾಳಿ ಬೀಸಿದ ಕಡೆಗೇ ಸಾಲುಹಿಡಿದು ಹೋಗಿದ್ದವು. ಅವುಗಳ ಹಿಂದೆಯೇ ನಡೆದೆ. ಜನರನ್ನು ತಡೆಯೋಕೆ ಕಟ್ಟಿದ್ದ ಹಗ್ಗ ದಾಟಿ ಹನ್ನೊಂದು ಹೆಜ್ಜೆ ಆಚೆಗೆ ಕೊನೆಯ ಚುಕ್ಕೆ ಇತ್ತು. ಉಂಡೆ ಎದ್ದಾಗ ಅಲ್ಲಿ ಯಾರೂ ಇರಲಿಲ್ಲ, ಅಷ್ಟೇ. ಮೊದಲು ಹಾರಿಸಿದ ಬಾಣಗಳ ಹೊಗೆ ಆ ಕಡೆಗೇ ಬರುತ್ತಿತ್ತು ಅಂತ ಜನ ತಾವಾಗಿಯೇ ಪಕ್ಕಕ್ಕೆ ಸರಿದಿದ್ದರು. ನಾವು ಯಾರನ್ನೂ ಸರಿಸಿರಲಿಲ್ಲ.

ಮೇಲಕ್ಕೆ ಎಸೆದ ಇಂಧನವೆಲ್ಲ ಮೇಲೆಯೇ ಉರಿದು ಮುಗಿಯುವುದಿಲ್ಲ. ಮಿಕ್ಕ ಹನಿಗಳು ಉರಿಯುತ್ತಲೇ ಕೆಳಗೆ ಬೀಳುತ್ತವೆ. ಆ ಹೊತ್ತಿಗೆ ನೆರೆದವರೆಲ್ಲ ಏನು ಮಾಡುತ್ತಿರುತ್ತಾರೆ ಹೇಳಿ. ಮುಖ ಎತ್ತಿ ಮೇಲೆ ನೋಡುತ್ತಿರುತ್ತಾರೆ.

ಪಟಾಕಿ ಅಂದರೆ ನಮಗೆ ಸದ್ದಿನ ಭಯ, ಕಿಡಿಯ ಭಯ ಇದೆ. ಝಳದ ಭಯ ಇಲ್ಲ. ಕಿಡಿ ಮೈಮೇಲೆ ಬಿದ್ದರೆ ಮಾತ್ರ ಸುಡುತ್ತೆ. ಝಳ ಹಾಗಲ್ಲ, ಅದು ಮುಟ್ಟದೆಯೇ ಸುಡುತ್ತೆ. ಬೆಳಕು ಕಣ್ಣಿಗೆ ಬೀಳುವ ಕ್ಷಣಕ್ಕೇ ಅದೂ ಚರ್ಮಕ್ಕೆ ತಲುಪಿರುತ್ತೆ, ಓಡೋಕೆ ಪುರುಸೊತ್ತು ಕೊಡುವುದಿಲ್ಲ. ನೆತ್ತಿ ಸುಡುವ ಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1 ಕಿಲೋವ್ಯಾಟ್. ಇಂಧನದ ದೊಡ್ಡ ಬೆಂಕಿಯುಂಡೆಯ ಮೈಯಿಂದ ಹೊರಡುವ ಝಳ ಅದರ ನೂರು ಪಟ್ಟು ದಾಟಬಹುದು. ದೂರ ಹೋದಂತೆ ಅದು ಬೇಗ ಇಳಿಯುತ್ತೆ ಅನ್ನೋದು ನಿಜ. ಎರಡರಷ್ಟು ದೂರ ಹೋದರೆ ಕಾಲುಭಾಗ. ಅಂದರೆ ನಮ್ಮನ್ನು ಕಾಪಾಡೋದು ದೂರವೇ. ಆದರೆ ಜನ ಕೇಳೋದು ಏನು? ಇನ್ನೂ ಸ್ವಲ್ಪ ಹತ್ತಿರ ಬರಬಹುದಾ ಅಂತ. ಫೋನ್ ಹಿಡಿದು ವಿಡಿಯೋ ಮಾಡುವವರಂತೂ ಹಗ್ಗದ ಕೆಳಗೆ ನುಸುಳಿಯೇ ಬರುತ್ತಾರೆ.

ಇದಕ್ಕಿಂತ ನನ್ನನ್ನು ಕಾಡುವ ಲೆಕ್ಕ ಇನ್ನೊಂದಿದೆ. ಇಂಧನ ಎರಡರಷ್ಟು ಮಾಡಿದರೆ ಉಂಡೆ ಎರಡರಷ್ಟು ಅಗಲ ಆಗಲ್ಲ, ಹೆಚ್ಚುಕಡಿಮೆ ಕಾಲುಭಾಗ ಮಾತ್ರ ಜಾಸ್ತಿ ಆಗುತ್ತೆ. ಎರಡರಷ್ಟು ಅಗಲ ಕಾಣಬೇಕು ಅಂದರೆ ಎಂಟರಷ್ಟು ಇಂಧನ ಬೇಕು. ಹಾಗಾಗಿ ಏನಾಗುತ್ತೆ ಅಂದರೆ, ಮೊದಲ ಸಲ ಮಾಡಿದ್ದು ಸಾಲದು ಅನ್ನಿಸುತ್ತೆ. ಎರಡನೇ ಸಲ ಜಾಸ್ತಿ ಸುರಿಯುತ್ತಾರೆ. ಕಣ್ಣಿಗೆ ಅಷ್ಟೇನೂ ವ್ಯತ್ಯಾಸ ಕಾಣಲ್ಲ. ಮೂರನೇ ಸಲ ಇನ್ನೂ ಸುರಿಯುತ್ತಾರೆ. ಹಗ್ಗ ಮಾತ್ರ ಮೊದಲ ಸಲ ಕಟ್ಟಿದ ಜಾಗದಲ್ಲೇ ಇರುತ್ತೆ. "ಹೋದ ಸಲ ಏನೂ ಆಗಲಿಲ್ಲ" ಅನ್ನುವ ಮಾತಿನ ಒಳಗೆ ಕೂತಿರೋದು ಈ ಲೆಕ್ಕ. ಹೋದ ಸಲದ ಗಾಳಿ ಬೇರೆ, ಹೋದ ಸಲದ ಅಳತೆ ಬೇರೆ.

ಇನ್ನು ಪೆಟ್ರೋಲ್. ಉರಿಯೋದು ಪೆಟ್ರೋಲ್ ಅಲ್ಲ, ಅದರ ಆವಿ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಅದು ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹಾರಿ ಹೋಗಲ್ಲ, ನೆಲ ಹಿಡಿದು ಹರಿಯುತ್ತೆ, ತಗ್ಗಿನಲ್ಲಿ ಕೂರುತ್ತೆ. ನಾವು ಕ್ಯಾನ್ ಮುಚ್ಚಳ ತೆಗೆದು ಹತ್ತು ನಿಮಿಷ ಅಲ್ಲೇ ನಿಂತು ಮಾತಾಡುತ್ತಿದ್ದರೆ ನಮ್ಮ ಕಾಲ ಬುಡದಲ್ಲಿ ಏನು ಸೇರುತ್ತಿದೆ ಅಂತ ಕಣ್ಣಿಗೆ ಕಾಣಲ್ಲ. ದೂರದ ಒಂದು ಕಿಡಿ ಸಾಕು, ಬೆಂಕಿ ಆ ಆವಿಯ ದಾರಿ ಹಿಡಿದು ಕ್ಯಾನಿನ ತನಕ ವಾಪಸ್ ಬರುತ್ತೆ. ಬಟ್ಟೆ ಉಜ್ಜಿ ಹುಟ್ಟುವ ಕರೆಂಟಿನ ಸಣ್ಣ ಚಿಟಿಕೆಯೂ ಒಂದು ಕಿಡಿಯೇ. ಸುತ್ತ ಬಾಣಬಿರುಸು ಹಾರುತ್ತಿರುವ ಜಾಗಕ್ಕೆ ಇದನ್ನು ತಂದಿಡುವುದು ನನಗಂತೂ ಒಪ್ಪಿಗೆ ಇಲ್ಲ.

ಪೆಟ್ರೋಲ್ ಬೇಡ, ಪುಡಿ ಎರಚೋಣ, ಅದು ನಿರಪಾಯ ಅನ್ನುವವರಿದ್ದಾರೆ. ಅವರಿಗೆ ತೈವಾನ್ ನೆನಪಿಸುತ್ತೇನೆ. 2015ರ ಜೂನ್ 27ರ ರಾತ್ರಿ, ಫಾರ್ಮೋಸಾ ಫನ್ ಕೋಸ್ಟ್ ಅನ್ನುವ ನೀರಾಟದ ಪಾರ್ಕಿನಲ್ಲಿ ಸಂಗೀತದ ಜೊತೆ ಬಣ್ಣದ ಪುಡಿ ಎರಚುತ್ತಿದ್ದರು. ಬಣ್ಣ ಬೆರೆಸಿದ ಕಾರ್ನ್‌ಫ್ಲೋರ್, ಬೇರೇನಲ್ಲ. ಗಾಳಿಯಲ್ಲಿ ತೇಲುತ್ತಿದ್ದ ಆ ಪುಡಿ ಹೊತ್ತಿಕೊಂಡಿತು. 15 ಜನ ಸತ್ತರು, ಸುಮಾರು 500 ಜನ ಸುಟ್ಟುಕೊಂಡರು. ಹೆಚ್ಚಿನವರು ಹದಿಹರೆಯದವರು, ಇಪ್ಪತ್ತರ ಆಸುಪಾಸಿನವರು. ನೆಲದ ಮೇಲೆ ಬಿದ್ದಿದ್ದ ಪುಡಿ ಓಡುವವರ ಕಾಲಿನಿಂದ ಮತ್ತೆ ಎದ್ದು ಮತ್ತೆ ಉರಿಯಿತು. ಕಾಲುಗಳು ಸುಟ್ಟವರೇ ಜಾಸ್ತಿ.

ಇದನ್ನೇ ಕೆಲಸ ಮಾಡಿಕೊಂಡವರಿಗೂ ತಪ್ಪಿದ್ದಲ್ಲ. 1992ರ ಆಗಸ್ಟ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಮೆಟಾಲಿಕಾ ಅನ್ನುವ ರಾಕ್ ಸಂಗೀತ ತಂಡದ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ವೇದಿಕೆಯ ಮೇಲೆ ತಪ್ಪಾದ ಜಾಗದಲ್ಲಿ ನಿಂತಿದ್ದರು, ಬೆಂಕಿ ಅವರ ಕೈಯನ್ನು ಸುಟ್ಟಿತು. ಅಮೆರಿಕದಲ್ಲಿ ಬಯಲಿನ ಬಾಣಬಿರುಸಿಗೆ ಎನ್‌ಎಫ್‌ಪಿಎ ಅನ್ನುವ ಬೆಂಕಿ ಸುರಕ್ಷತೆಯ ಸಂಸ್ಥೆ ಬರೆದ ಎನ್‌ಎಫ್‌ಪಿಎ 1123 ಅನ್ನುವ ನಿಯಮಾವಳಿ ಇದೆ. ಜನರ ಮುಂದೆ ತೋರಿಸುವ ಜ್ವಾಲೆಗೆ ಬೇರೆಯದೇ ಇದೆ, ಎನ್‌ಎಫ್‌ಪಿಎ 160. ಎರಡೂ ಒಂದೇ ಜಾತಿಯ ಕೆಲಸ ಅಲ್ಲ ಅಂತ ತಿಳಿದವರೇ ಬೇರೆ ಮಾಡಿಟ್ಟಿದ್ದಾರೆ. ಬಾಣ ಹಾರಿಸೋಕೆ ಬರುತ್ತೆ ಅಂದ ಮಾತ್ರಕ್ಕೆ ಬೆಂಕಿಯುಂಡೆ ಎಬ್ಬಿಸೋಕೆ ಬರುತ್ತೆ ಅಂತ ಅಲ್ಲ. ಲೈಸೆನ್ಸ್ ಇದ್ದು, ಅದಕ್ಕೇ ಅಂತ ಮಾಡಿದ ಸಲಕರಣೆ ಇದ್ದು, ಒಂದು ಗುಂಡಿ ಒತ್ತಿದರೆ ಇಂಧನ ನಿಲ್ಲಿಸಬಲ್ಲವರು ಮಾಡಲಿ. ನಮ್ಮಂಥ ಹವ್ಯಾಸಿಗಳ ಪ್ರದರ್ಶನದಲ್ಲಿ ಮನೆಯಲ್ಲಿ ತಯಾರಿಸಿದ ಬೆಂಕಿಯುಂಡೆಗೆ ಜಾಗವೇ ಇರಬಾರದು. ಚಾವಣಿಯ ಕೆಳಗಂತೂ ಕಿಡಿಯೂ ಬೇಡ. 2003ರಲ್ಲಿ ಅಮೆರಿಕದ ಸ್ಟೇಷನ್ ಅನ್ನುವ ಹೆಸರಿನ ನೈಟ್‌ಕ್ಲಬ್‌ನಲ್ಲಿ ಬರೀ ಕಿಡಿಯ ಹೂಕುಂಡದಂಥದ್ದು ಗೋಡೆಯ ಫೋಮ್‌ಗೆ ತಗುಲಿ 100 ಜನ ಸತ್ತರು.

ಯಾವುದೇ ಮದ್ದು ಹತ್ತಲಿಲ್ಲ ಅಂದರೆ ಬಗ್ಗಿ ನೋಡೋಕೆ ಹೋಗಬೇಡಿ. ಮುಖ, ಕಣ್ಣು ಹೋಗೋದು ಆ ಬಗ್ಗುವ ಹೊತ್ತಿನಲ್ಲೇ. ನೈಲಾನ್, ಪಾಲಿಯೆಸ್ಟರ್ ಹಾಕಿಕೊಂಡು ಹತ್ತಿರ ಕೆಲಸ ಮಾಡಬೇಡಿ, ಅದು ಕರಗಿ ಚರ್ಮಕ್ಕೆ ಅಂಟುತ್ತೆ. ಯಾರಿಗಾದರೂ ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ. ಉಂಗುರ, ವಾಚು ಬಾವು ಬರೋ ಮೊದಲೇ ತೆಗೆಯಿರಿ. ಅಂಟಿದ ಬಟ್ಟೆ ಮಾತ್ರ ಎಳೆಯಬೇಡಿ. ಮುಖಕ್ಕೆ ತಗುಲಿದ್ದರೆ, ದನಿ ಗೊಗ್ಗರಾಗಿದ್ದರೆ, ಮೂಗಿನ ಕೂದಲು ಸೀದಿದ್ದರೆ, ಎಷ್ಟೇ ಚೆನ್ನಾಗಿದ್ದೀನಿ ಅಂದರೂ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬಿಸಿ ಒಳಗೆ ಎಳೆದುಕೊಂಡಿದ್ದರೆ ಗಂಟಲು ಆಮೇಲೆ ಊದಿಕೊಳ್ಳುತ್ತೆ.

ಯಾಕಣ್ಣ ಹೆದರ್ತೀರ ಅಂದ ಹುಡುಗನಿಗೆ ಅವತ್ತು ತೆಗೆದಿದ್ದ ಹುಲ್ಲಿನ ಫೋಟೋ ಕಳಿಸಿದೆ. ಹಗ್ಗದ ಗೂಟ ಎಲ್ಲಿದೆ, ಚುಕ್ಕೆ ಎಲ್ಲಿದೆ, ನೋಡಪ್ಪ ಅಂದೆ. ತುಂಬ ಹೊತ್ತು ಉತ್ತರ ಬರಲಿಲ್ಲ. ಆಮೇಲೆ ಕೇಳಿದ, "ಅಮ್ಮ ಅವತ್ತು ಎಲ್ಲಿ ನಿಂತಿದ್ರು ನೆನಪಿದೆಯಾ ಅಣ್ಣ?"

ನೆನಪಿತ್ತು. ಶುರುವಿನಲ್ಲಿ ಆ ಗೂಟದ ಪಕ್ಕದಲ್ಲೇ, ಅವನ ತಂಗಿಯನ್ನು ಎತ್ತಿಕೊಂಡು. ಮಗು ಹೊಗೆಗೆ ಕೆಮ್ಮಿತು ಅಂತ ಅಲ್ಲಿಂದ ಪಕ್ಕಕ್ಕೆ ಸರಿದರು.