ಆಲೂಗಡ್ಡಿಗೂ ಒಂದು ಹೆಸರದ, ಕಾಕಾ

ಜಲಂಧರಕ್ಕೆ ಬಂದು ಆರು ವರ್ಷ ಆಯ್ತು. ಊರು ಯಾವುದು ಅಂದರೆ 'ಬೆಂಗಳೂರು ಕಡೆ' ಅಂದು ಸುಮ್ಮನಾಗುತ್ತಿದ್ದೆ. ಹೋದ ಡಿಸೆಂಬರಿನಲ್ಲಿ ಹೊಲದ ಬದುವಿನ ಮೇಲೆ ಒಬ್ಬ ಸರ್ದಾರ್‌ಜಿ ಕೇಳಿದಾಗ ಯಾಕೋ ಬೀದರ್ ಅಂದುಬಿಟ್ಟೆ. ಅವರು ಕೈಯ ಮಣ್ಣು ಒರೆಸಿಕೊಂಡು ಕೈ ಮುಗಿದರು. ನಾನಕ್ ಝೀರಾ ಗುರುದ್ವಾರದ ಊರು! ಗುರು ಗೋಬಿಂದ್ ಸಿಂಗರ ಮೊದಲ ಐವರು ಶಿಷ್ಯರಾದ ಪಂಚ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಿಮ್ಮೂರಿನವರೇ ಅಲ್ವಾ ಅಂದರು. ಬೆಂಗಳೂರಲ್ಲಿ ಬೀದರ್ ಅಂದರೆ "ಅಲ್ಲಿ ಕನ್ನಡ ಮಾತಾಡ್ತಾರಾ" ಅಂತಾರೆ, ಇರಲಿ ಬಿಡಿ.

ಆ ಖುಷಿಯಲ್ಲಿ ಕೇಳಿದೆ, ಆಲೂಗಡ್ಡೆ ರೇಟು ಎಷ್ಟು ನಡೀತಿದೆ? "ಯಾವುದರದ್ದು?" ಅಂದರು.

ಅವರ ಹೊಲದಲ್ಲಿ ಎರಡು ತಳಿ ಇದ್ದವು. ಒಂದು ಕಡೆ ಪುಖರಾಜ್, ಸೆಪ್ಟೆಂಬರ್ ಕೊನೆಗೆ ಹಾಕಿದ್ದು, 60 ದಿನ ದಾಟಿತ್ತು, ಅಗೆಯುತ್ತಿದ್ದರು. ಒಂದು ಗಡ್ಡೆ ಎತ್ತಿ ಹೆಬ್ಬೆರಳಿನಿಂದ ಉಜ್ಜಿದರು, ಸಿಪ್ಪೆ ಈರುಳ್ಳಿ ಪೊರೆಯಂತೆ ಸುಲಿದು ಬಂತು. ಇದು ಕೂಡಿಡೋಕೆ ಆಗಲ್ಲ, ನಾಳೆಯೇ ಮಂಡಿಗೆ ಹೋಗಬೇಕು. ಇನ್ನೂ 20-25 ದಿನ ಬಿಟ್ಟರೆ ತೂಕ ಜಾಸ್ತಿ ಬರುತ್ತೆ, ಆದರೆ ಅಷ್ಟರಲ್ಲಿ ಎಲ್ಲರ ಮಾಲೂ ಬಂದು ರೇಟು ಬೀಳುತ್ತೆ, ಗೋಧಿ ಬಿತ್ತೋದೂ ತಡ ಆಗುತ್ತೆ. ಪಕ್ಕದಲ್ಲಿ ಜ್ಯೋತಿ. 1968ರ ಹಳೇ ತಳಿ, ನೂರು ದಿನದ ಹತ್ತಿರ ಬೇಕು, ಸಿಪ್ಪೆ ಗಟ್ಟಿಯಾದ ಮೇಲೇ ಕೋಲ್ಡ್ ಸ್ಟೋರೇಜಿಗೆ. 1998ರಲ್ಲಿ ಬಂದ ಪುಖರಾಜ್ ಪೂರ್ತಿ ಬೆಳೆದರೆ ಎಕರೆಗೆ 150 ಕ್ವಿಂಟಲ್ ಮುಟ್ಟುತ್ತೆ, ಜ್ಯೋತಿ 100ರ ಆಸುಪಾಸು. ಎಲ್ಲಾ ಬಾಯಿಲೆಕ್ಕ. ಯಾವತ್ತು ಅಗೀಬೇಕು ಅಂತ ಮೊದಲು ಗೊತ್ತು ಮಾಡಿಕೊಂಡು ಆಮೇಲೆ ಬೀಜ ತರುವ ಜನ ಇವರು.

ನಮ್ಮ ಕಾಕಾ ಭಾಲ್ಕಿ ಹತ್ತಿರ ಹತ್ತು ಗುಂಟೆ ಆಲೂಗಡ್ಡೆ ಹಚ್ಚಿದ್ದರು. ಎಳ್ಳಮಾಸಿಗೆ (ಡಿಸೆಂಬರ್-ಜನವರಿಯ ಅಮಾವಾಸ್ಯೆ) ಹೊಲದಲ್ಲಿ ಚರಗ ಚೆಲ್ಲಿದ ಮರುವಾರ, ಸಂತೆಯಿಂದ ತಂದ ತಿನ್ನುವ ಗಡ್ಡೆಯನ್ನೇ ಕೊಯ್ದು. ಅದರಲ್ಲಿ ಅರ್ಧ ಮೊಳಕೆಯೇ ಬರಲಿಲ್ಲ. ಹೊಸದಾಗಿ ಅಗೆದ ಗಡ್ಡೆ ಎರಡು ತಿಂಗಳಾದರೂ ಮಲಗಿರುತ್ತೆ, ಎಬ್ಬಿಸಿದರೂ ಏಳಲ್ಲ. ಯುಗಾದಿಗೆ ಊರಿಗೆ ಹೋದಾಗ ಕಾಕಾ ಒಂದು ಗಿಡ ಕಿತ್ತು ತೋರಿಸಿದರು. ಮೊಣಕಾಲುದ್ದ ಹಸಿರು, ಬೇರಿನಲ್ಲಿ ಅಡಿಕೆ ಗಾತ್ರದವು ಆರೋ ಏಳೋ. ರಾತ್ರಿ ತಂಪಿದ್ದರೇ ಗಡ್ಡೆ ಕಟ್ಟೋದು, 20 ಡಿಗ್ರಿ ದಾಟಿದರೆ ಬರೀ ಎಲೆ. ಯಾವ ತಳಿ ಕಾಕಾ ಅಂದೆ. "ಅದಕ್ಕೇನ್ ಹೆಸರ್ ಇರ್ತದೋ, ಆಲೂ ಅಂದ್ರ ಆಲೂ!"

ನನಗೆ ಹೊಟ್ಟೆ ಉರಿಯೋದು ಇಲ್ಲೇ. ಬೀದರಿನ ಚಳಿ ಏನು ಕಮ್ಮಿಯಾ? ಅಕ್ಟೋಬರಿನಲ್ಲಿ ಸೋಯಾ ತೆಗೆದ ಹೊಲಕ್ಕೆ ಬೇಗ ಬರುವ ತಳಿ ಹಾಕಿದ್ದರೆ ಜನವರಿಯೊಳಗೆ ಕೈಗೆ ಬರುತ್ತಿತ್ತು. ಎರಿ (ಕಪ್ಪು ಮಣ್ಣಿನ) ಹೊಲ ಬಿಟ್ಟು ಕೆಂಪು ಮಣ್ಣಿನ ತುಂಡಿನಲ್ಲಿ ಹಾಕಿದ್ದರೆ ಇನ್ನೂ ಚಲೋ. ಆದರೆ ಹೆಸರು ಕೇಳಬೇಕಲ್ಲ, ಎಷ್ಟು ದಿನದ್ದು ಅಂತ ಕೇಳಬೇಕಲ್ಲ!

ಒಂದು ಮಾತು ಮಾತ್ರ ಒಪ್ಪಿಕೊಳ್ಳಲೇಬೇಕು. ಇದೇ ಕಾಕಾಗೆ ತೊಗರಿ ಕೇಳಿ. ಗಿಡ ಒಣಗಿಸುವ ನೆಟೆ ರೋಗಕ್ಕೆ ಮಾರುತಿ ತಳಿ ಯಾಕೆ ಬಂತು ಅಂತ ಹೇಳ್ತಾರೆ. ಸೋಯಾ ಅಂದರೆ ಜೆಎಸ್-335, ಕಡಲೆ ಅಂದರೆ ಜೆಜಿ-11, ದಿನದ ಲೆಕ್ಕದ ಸಮೇತ. ಆಲೂಗಡ್ಡೆ ಅವರಿಗೆ ಬೆಳೆಯೇ ಅಲ್ಲ, ಹೊಸ ಬೋರಿನ ನೀರು ಹಾಳಾಗಬಾರದು ಅಂತ ಮಾಡಿದ ಕೆಲಸ. ಮತ್ತೆ ಎಕರೆಗೆ ಸುಮಾರು 10 ಕ್ವಿಂಟಲ್ ಬೀಜ ಬೇಕು. ಹಾಸನದವರಿಗೂ ಬೀಜ ಈ ಜಲಂಧರದಿಂದಲೇ ಲಾರಿಯಲ್ಲಿ ಹೋಗುತ್ತೆ, ಹತ್ತು ಗುಂಟೆಯವನಿಗೆ ಯಾರು ಕಳಿಸ್ತಾರೆ? ಇಲ್ಲಿನವರಿಗೆ ಹೊಲಕ್ಕೆ ಕರೆಂಟು ಪುಕ್ಕಟೆ, ಹಿತ್ತಲಲ್ಲೇ ಕೋಲ್ಡ್ ಸ್ಟೋರೇಜ್ ಅನ್ನೋ ಹಾಗೆ.

ಸರ್ದಾರ್‌ಜಿ ಅವತ್ತು ಐದು ಕಿಲೋ ಪುಖರಾಜ್ ಕೊಟ್ಟು ಕಳಿಸಿದರು, ದುಡ್ಡು ಮುಟ್ಟಲಿಲ್ಲ. ಮನೆಯವಳು ಪಲ್ಯ ಮಾಡಿದಳು. ನೀರು ನೀರು, ರೊಟ್ಟಿಗೆ ಹಿಡಿಯಲೇ ಇಲ್ಲ. "ನಮ್ಮ ಸಂತಿ ಆಲೂನೇ ಚಲೋ ಇರ್ತದ ನೋಡ್ರಿ" ಅಂದಳು.

ಕಾಕಾಗೆ ಇದನ್ನು ಇನ್ನೂ ಹೇಳಿಲ್ಲ.